ರಾಘ್ಯಾ, ಹತ್ತೊಂಬತ್ತು ಇಂಚು ಬೇಡ

ಪ್ರೀತಿಯ ರಾಘ್ಯಾ,

ಶನಿವಾರ ಬುಕಿಂಗ್ ಮಾಡುತ್ತೇನೆ, ಯಾವ ವೇರಿಯಂಟು, ಯಾವ ಟೈರು ಒಂದೇ ಸಾಲಿನಲ್ಲಿ ಹೇಳು ಅಂದೆ. ಸಾಲು ಇಲ್ಲಿದೆ: ಮಹೀಂದ್ರಾ ಥಾರ್ ರಾಕ್ಸ್, ಡೀಸೆಲ್, ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಎಳೆತ ಹೋಗುವುದು), ಎಎಕ್ಸ್5ಎಲ್ ಆಟೋಮ್ಯಾಟಿಕ್; ಕ್ಲಚ್ ತುಳಿಯುವ ಸುಖ ಬಿಡಲಾರೆ ಅಂದರೆ ಎಂಎಕ್ಸ್5. ಟೈರು ಆಲ್ ಟೆರೇನ್, 18 ಇಂಚು, ಕಂಪನಿ ಕೊಟ್ಟ ಅಳತೆಯಲ್ಲೇ, ಐದು.

ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಯಾಕೆ ಅಂತ ಕೇಳದೆ ನೀನು ಒಂದು ಕಪ್ ಚಹಾವನ್ನೂ ಕುಡಿದವನಲ್ಲ. ಮೇಲಾಗಿ ಪುಣೆಯಲ್ಲಿರುವ ನಮ್ಮ ಕಡೆಯ ನಾಲ್ಕಾರು ಮಂದಿ ಇದೇ ಪ್ರಶ್ನೆ ಹಿಡಿದುಕೊಂಡು ಫೋನ್ ಮಾಡುತ್ತಿದ್ದಾರೆ. ಅದಕ್ಕೇ ನಿನ್ನ ಪತ್ರವನ್ನು ಎಲ್ಲರೂ ಓದುವ ಹಾಗೆ ಬಿಚ್ಚಿಟ್ಟಿದ್ದೇನೆ. ಸಿಟ್ಟಾಗಬೇಡ. ಭಜಿ ವಿಷಯ ಎತ್ತುವುದಿಲ್ಲ, ಮಾತು ಕೊಟ್ಟಿದ್ದೇನೆ.

ಮೊದಲು ವೇರಿಯಂಟು. ರಾಕ್ಸ್‌ನಲ್ಲಿ ಫೋರ್ ಬೈ ಫೋರ್ ಬೇಕೆಂದರೆ ಡೀಸೆಲ್ ಒಂದೇ ದಾರಿ. ಎಂಎಕ್ಸ್5ರಲ್ಲಿ ಅದು ಮ್ಯಾನುಯಲ್ ಗೇರಿನ ಜೊತೆ ಬರುತ್ತದೆ, ಎಎಕ್ಸ್5ಎಲ್‌ನಲ್ಲಿ ಆಟೋಮ್ಯಾಟಿಕ್ ಜೊತೆ, ಎಎಕ್ಸ್7ಎಲ್‌ನಲ್ಲಿ ಎರಡೂ ಸಿಗುತ್ತವೆ. ನಿಧಾನ ಓಟದಲ್ಲಿ ಎಳೆತ ಹೆಚ್ಚಿಸುವ ಲೋ ರೇಂಜ್ ಗೇರು, ಹಿಂದಿನ ಆಕ್ಸಲಿನ ಲಾಕಿಂಗ್ ಡಿಫರೆನ್ಶಿಯಲ್, 650 ಮಿಲಿಮೀಟರಿನ ನೀರು ದಾಟುವ ಮಿತಿ, ಇವು ಮೂರಕ್ಕೂ ಒಂದೇ. ಒಂದು ಹಿಂದಿನ ಚಕ್ರ ಗಾಳಿಯಲ್ಲಿ ತೇಲುತ್ತ ಸುಮ್ಮನೆ ಗಿರಗಿರ ತಿರುಗುವಾಗ ನೆಲದಲ್ಲಿರುವ ಇನ್ನೊಂದಕ್ಕೂ ಅಷ್ಟೇ ತಿರುಗುವಿಕೆ ಕೊಡುವುದು ಆ ಲಾಕಿಂಗ್ ಡಿಫರೆನ್ಶಿಯಲ್. ಗುಡ್ಡ ಹತ್ತಿಸುವ ಭಾಗ ಅದು. ಎಎಕ್ಸ್7ಎಲ್‌ಗೆ ನೀನು ಕೊಡುವ ಹೆಚ್ಚಿನ ದುಡ್ಡು ಹೋಗುವುದು ದೊಡ್ಡ ಸನ್‌ರೂಫಿಗೆ, ಗಾಳಿಯಾಡುವ ಸೀಟಿಗೆ, ಹಾಡಿನ ಸಿಸ್ಟಮ್ಮಿಗೆ, ಸುತ್ತಲೂ ತೋರಿಸುವ ಕ್ಯಾಮೆರಾಕ್ಕೆ. ಅದರಲ್ಲಿ ಕ್ಯಾಮೆರಾ ಒಂದು ಬಿಟ್ಟದ್ದಕ್ಕೆ ನನಗೂ ಬೇಜಾರಾಗುತ್ತದೆ. ದಿಬ್ಬದ ತುದಿಯಲ್ಲಿ ಬಾನೆಟ್ ಆಕಾಶ ನೋಡುತ್ತಿರುವಾಗ ಮುಂದೇನಿದೆ ಅಂತ ತೋರಿಸುವುದು ಅದೇ. ಆದರೆ ಅಲ್ಲಿ ಒಬ್ಬ ಇಳಿದು ನಿಂತು ಕೈಸನ್ನೆ ಮಾಡಿದರೂ ಕೆಲಸ ಆಗುತ್ತದೆ.

ಎಎಕ್ಸ್7ಎಲ್ ಬೇಡ ಅನ್ನಲು ನನ್ನ ನಿಜವಾದ ಕಾರಣ ಅದರ ಚಕ್ರ. ಅದಕ್ಕೆ ಬರುವುದು 255/60 ಆರ್19. ಉಳಿದೆರಡಕ್ಕೆ 255/65 ಆರ್18. ಈ ಅಂಕಿಗಳನ್ನು ಬಿಡಿಸೋಣ. 255 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಅಂದರೆ ಆ ಅಗಲದ ನೂರಕ್ಕೆ 65 ಭಾಗ ಪಕ್ಕದ ಗೋಡೆಯ ಎತ್ತರ. ಕೊನೆಯ 18 ಅಂದರೆ ರಿಮ್ಮಿನ ಅಡ್ಡಳತೆ, ಇಂಚಿನಲ್ಲಿ. ಲೆಕ್ಕ ಮಾಡಿದರೆ 18 ಇಂಚಿನದಕ್ಕೆ ಗೋಡೆ ಸುಮಾರು 166 ಮಿ.ಮೀ., 19ರದಕ್ಕೆ 153. ಇಡೀ ಚಕ್ರದ ಎತ್ತರ ಎರಡಕ್ಕೂ ಸುಮಾರು 789 ಮಿ.ಮೀ. ಅಂದರೆ ದೊಡ್ಡ ಅಲಾಯ್ ಹಾಕಿದರೆ ಗಾಡಿ ಒಂದು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ರಬ್ಬರಿದ್ದ ಜಾಗಕ್ಕೆ ಲೋಹ ಬಂದು ಕೂರುತ್ತದೆ, ಅಷ್ಟೆ.

ಆ ಹೋದ ರಬ್ಬರು 13 ಮಿ.ಮೀ. ನಿನ್ನ ಕಿರುಬೆರಳನ್ನು ರಿಮ್ಮಿಗೂ ಟೈರಿಗೂ ನಡುವೆ ಅಡ್ಡ ಹಿಡಿದು ನೋಡು, ಸರಿಸುಮಾರು ಅಷ್ಟು ದಪ್ಪ. ಇಷ್ಟಕ್ಕೆ ಇಷ್ಟು ರಂಪವೇ ಅನ್ನಬೇಡ. ಕಲ್ಲಿನ ಮೇಲೆ ಹವಾ ಇಳಿಸಿ ಓಡಿಸುವಾಗ ಗೋಡೆ ಬಾಗಿ ಉಬ್ಬುತ್ತದೆ. ಆಗ ಚೂಪು ಕಲ್ಲು ಒಂದು ಕಡೆಯಿಂದ, ರಿಮ್ಮಿನ ಅಂಚು ಇನ್ನೊಂದು ಕಡೆಯಿಂದ ಒತ್ತಿ ರಬ್ಬರನ್ನು ಅಡಕತ್ತರಿಯಲ್ಲಿಟ್ಟಂತೆ ಕತ್ತರಿಸುತ್ತವೆ. ಪುಣೆ ಸುತ್ತಲಿನ ಮುಳಶಿ, ತಾಮ್ಹಿಣಿ, ಪಾನಶೇತ್ ಕಡೆಯ ಕಲ್ಲು ಕರಿ ಬಸಾಲ್ಟ್, ಒಡೆದರೆ ಅಂಚು ಕೊಡಲಿಯಂತಿರುತ್ತದೆ. ಟೈರಿನ ಮುಖಕ್ಕೆ ಮೊಳೆ ಹೊಕ್ಕರೆ ಸ್ಟ್ರಿಪ್ ಹಾಕಿ ಹತ್ತು ನಿಮಿಷದಲ್ಲಿ ಹೊರಡಬಹುದು. ಗೋಡೆ ಸೀಳಿದರೆ ಪಂಕ್ಚರ್ ಅಂಗಡಿಯವನೂ ಕೈ ಅಲ್ಲಾಡಿಸುತ್ತಾನೆ, ಟೈರು ಎಸೆಯಬೇಕು. ಆ ಕಿರುಬೆರಳಿನ ಬೆಲೆ ಅಷ್ಟು. ಮೇಲಾಗಿ ರಿಮ್ಮು ಅಲಾಯ್‌ದು, ಪೆಟ್ಟು ಬಿದ್ದರೆ ಬಾಗುವುದು ಕಡಿಮೆ, ಬಿರುಕು ಬಿಡುವುದು ಹೆಚ್ಚು.

ಐದು ಬಾಗಿಲಿನ ಗಾಡಿ ಅಂತ ಇನ್ನೊಂದು ಎಚ್ಚರ. ಮೂರು ಬಾಗಿಲಿನ ಥಾರ್‌ಗೆ ಎರಡು ಆಕ್ಸಲ್ ನಡುವೆ 2,450 ಮಿ.ಮೀ., ಇದಕ್ಕೆ 2,850. ಹೊಲದ ಬದು ದಾಟುವಾಗ ನೇರವಾಗಿ ಏರಿದರೆ ಹೊಟ್ಟೆ ಬದುವಿನ ಮೇಲೆ ಕೂರುತ್ತದೆ, ನಾಲ್ಕೂ ಚಕ್ರ ಕೈಕೊಡುತ್ತವೆ. ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟು.

ಇನ್ನು ಟೈರಿನ ಜಾತಿ. ಹೈವೇ ಟೆರೇನ್ ಅನ್ನುವುದಕ್ಕೆ ಮುಖ ನುಣುಪು, ಸದ್ದು ಕಡಿಮೆ, ಗೋಡೆ ತೆಳು. ಮಡ್ ಟೆರೇನ್‌ಗೆ ಮುಖದ ಮೇಲೆ ಉಬ್ಬಿದ ರಬ್ಬರಿನ ದೊಡ್ಡ ದೊಡ್ಡ ಗುಂಡಿ, ನಡುವೆ ಬೆರಳು ತೂರುವಷ್ಟು ಸಂದು. ಆಲ್ ಟೆರೇನ್ ಇವೆರಡರ ಮಧ್ಯೆ, ಗೋಡೆ ಸಾಮಾನ್ಯವಾಗಿ ಹೈವೇ ಟೈರಿಗಿಂತ ಗಟ್ಟಿ. ನಿನ್ನ ಕಷ್ಟ ಏನೆಂದರೆ ನೀನು ಎರಡು ಬಗೆಯ ನೆಲದಲ್ಲಿ ಓಡಾಡುವವನು. ಇಲ್ಲಿ ಮುರುಮ್ಮು, ಕಲ್ಲು, ನೀರು ಹರಿಯುವ ದಾರಿ. ಇವಕ್ಕೆ ಆಲ್ ಟೆರೇನ್ ಚೆನ್ನಾಗಿ ಸಾಕು. ಊರಲ್ಲಿ, ಧಾರವಾಡದ ಕಡೆ, ಎರೆ. ಮಳೆ ಬಿದ್ದ ಎರೆ ಹೊಲದಲ್ಲಿ ಆಲ್ ಟೆರೇನ್ ನಾಲ್ಕು ಸುತ್ತು ತಿರುಗುವುದರೊಳಗೆ ಸಂದುಗಳೆಲ್ಲ ಮೆತ್ತಿಕೊಂಡು, ಚಕ್ರ ಎಣ್ಣೆ ಹಚ್ಚಿದ ಕರಿ ಕುಂಬಳಕಾಯಿಯಂತೆ ಕಾಣುತ್ತದೆ. ಮಡ್ ಟೆರೇನ್ ಆದರೆ ಅಗಲ ಸಂದಿನಿಂದ ಮಣ್ಣನ್ನು ತಾನೇ ಬೀಸಿ ಒಗೆಯುತ್ತದೆ. ಎರೆಯ ಮಟ್ಟಿಗೆ ಅದೇ ಮೇಲು, ಒಪ್ಪುತ್ತೇನೆ.

ಅದಕ್ಕೇ ಗಣಪತಿ ಹಬ್ಬದಲ್ಲಿ ಸಿಕ್ಕಾಗ, ಡೆಲಿವರಿ ಆದ ದಿನವೇ ಮಡ್ ಟೆರೇನ್ ಹಾಕಿಸು ಅಂದಿದ್ದೆ. ಆ ಮಾತನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ, ರಾಘ್ಯಾ.

ಬುಧವಾರ ರಾತ್ರಿ ನಿನ್ನ ವರ್ಷದ ಓಡಾಟ ಕಾಗದದ ಮೇಲೆ ಬರೆದೆ. ಎರಡು ತಿಂಗಳಿಗೊಮ್ಮೆ ಧಾರವಾಡ, ಹೋಗಿ ಬರಲು 800 ಕಿ.ಮೀ. ದಾಟುತ್ತದೆ, ವರ್ಷಕ್ಕೆ ಹತ್ತಿರ ಹತ್ತಿರ 5,000. ಅದರ ಮೇಲೆ ದಿನದ ಆಫೀಸು, ಮಕ್ಕಳ ಶಾಲೆ. ನಿಜವಾದ ಕೆಸರು? ಮಳೆಗಾಲದ ನಾಲ್ಕೈದು ದಿನ, ದಿನಕ್ಕೆ 30 ಕಿ.ಮೀ. ಹಿಡಿದರೂ 150. ಮಡ್ ಟೆರೇನಿನ ಒಂದು ಗುಂಡಿಯನ್ನು ಹತ್ತಿರದಿಂದ ನೋಡು: ದಪ್ಪ, ಗಟ್ಟಿ, ಮೇಲೆ ಸೀಳುಗಳೇ ಕಡಿಮೆ. ಆಲ್ ಟೆರೇನಿನ ಗುಂಡಿಯ ಮೇಲೆ ಉಗುರು ಇಳಿಯುವಷ್ಟು ತೆಳುವಾದ ಸೀಳುಗಳು ಸಾಲಾಗಿರುತ್ತವೆ. ನೆನೆದ ಡಾಂಬರಿನ ಮೇಲಿನ ತೆಳು ನೀರನ್ನು ಸೀಳಿ ರಸ್ತೆ ಹಿಡಿಯುವುದು ಆ ಸೀಳುಗಳ ಅಂಚು. ಅವಿಲ್ಲದ ಟೈರು, ನೆಲಕ್ಕೆ ತಾಗುವ ರಬ್ಬರೂ ಕಡಿಮೆ ಇದ್ದರೆ, ಮಳೆಯಲ್ಲಿ ಬ್ರೇಕ್ ಹಾಕಿದ ಮೇಲೆ ಗಾಡಿ ಮುಂದೆ ಮುಂದೆ ಹೋಗುತ್ತದೆ. ಪುಣೆ-ಸಾತಾರಾ ದಾರಿಯಲ್ಲಿ ಜುಲೈ ತಿಂಗಳ ಖಂಬಾಟ್ಕಿ ಘಾಟಿನ ಇಳಿಜಾರು, ಮುಂದೆ ಟ್ರಕ್ಕು, ಹತ್ತಿರ ಹತ್ತಿರ 2 ಟನ್ನಿನ ಗಾಡಿ, ಹಿಂದಿನ ಸೀಟಿನಲ್ಲಿ ನಿಮ್ಮ ಅವ್ವ, ಆಚೀಚೆ ಎರಡು ಮಕ್ಕಳು.

ಇದೆಲ್ಲ ನನಗೆ ಹಬ್ಬದ ದಿನವೂ ಗೊತ್ತಿತ್ತು. ಗೊತ್ತಿದ್ದೂ ಯಾಕೆ ಹಾಗೆ ಅಂದೆ ಅಂತ ಕೂತು ಯೋಚಿಸಿದೆ. ಕಾಡುದಾರಿಗೆ ಒಂದೇ ಗಾಡಿ ಹೋಗಬಾರದು, ಸಿಕ್ಕಿಕೊಂಡರೆ ಎಳೆಯಲು ಇನ್ನೊಂದು ಬೇಕೇ ಬೇಕು. ನಮ್ಮ ನಾಲ್ಕು ಗಾಡಿಗಳಲ್ಲಿ ಈಗ ಉಳಿದದ್ದು ನನ್ನದೊಂದೇ. ಒಬ್ಬ ದುಬೈ, ಒಬ್ಬ ಬೆಂಗಳೂರು, ಒಬ್ಬ ಮಾರಿಯೇ ಬಿಟ್ಟ. ನೀನೂ ಸಾದಾ ಟೈರಿನ ಗಾಡಿ ತಂದರೆ ಭಾನುವಾರ ಮನೆಮಂದಿ ಜೊತೆ ಮಾಲಿಗೆ ಹೋಗಿ ಬರುತ್ತೀಯ, ಇತ್ತ ಬರುವುದಿಲ್ಲ ಅನ್ನುವ ಹೆದರಿಕೆ ನನಗೆ. ಮಡ್ ಟೈರು ಹಾಕಿಸಿದರೆ ಅದರ ನೆವದಿಂದಲಾದರೂ ಬರುತ್ತೀಯ ಅಂತ ಅಂದುಕೊಂಡೆ. ನನಗೊಂದು ಜೊತೆ ಬೇಕೆಂದು ನಿಮ್ಮ ಅವ್ವ ಕೂತ ಗಾಡಿಯ ಬ್ರೇಕಿನ ದೂರ ಹೆಚ್ಚಿಸಲು ಹೊರಟಿದ್ದೆ. ಬುಧವಾರದಿಂದ ಇದು ಎದೆಯಲ್ಲಿ ಕೂತಿದೆ. ವೈನಿಯವರಿಗೆ, ನಿನ್ನ ಮನೆಯವಳಿಗೆ, ಇದನ್ನು ನೀನೇ ಹೇಳಿಬಿಡು, ನನಗೆ ಎದುರು ನಿಂತು ಹೇಳಲು ಆಗುವುದಿಲ್ಲ.

ಇಷ್ಟು ಬರೆಯಬೇಕೆಂದಿರಲಿಲ್ಲ. ಇರಲಿ, ಅಳತೆಯ ಮಾತು ಬಾಕಿಯಿದೆ.

ಟೈರಿನ ಅಂಗಡಿಯಲ್ಲಿ 285/65 ಆರ್18 ತೋರಿಸಿ, ನೋಡೋಕೆ ಹುಲಿ ಹಾಗಿರುತ್ತೆ ಅನ್ನುತ್ತಾರೆ. ಎತ್ತರ 828 ಮಿ.ಮೀ. ಆಗುತ್ತದೆ, ಹಳೆಯದಕ್ಕಿಂತ 39 ಹೆಚ್ಚು. ನೆಲದಿಂದ ಗಾಡಿ ಏಳುವುದು ಅದರ ಅರ್ಧ, ಎರಡು ಸೆಂಟಿಮೀಟರಿಗೂ ಕಡಿಮೆ. ಬದಲಿಗೆ ಏನೇನು ಹೋಗುತ್ತದೆ? ಸುತ್ತಳತೆ ಶೇ 5ರಷ್ಟು ಹೆಚ್ಚುವುದರಿಂದ ನೀನು ಮೊದಲು 100ರಲ್ಲಿ ಹೋಗುತ್ತಿದ್ದ ಅದೇ ಮುಳ್ಳಿನ ಗುರುತಿಗೆ ಈಗ 105ರಲ್ಲಿ ಹೋಗುತ್ತಿರುತ್ತೀಯ. ಪ್ರತಿ ಗೇರೂ ಅಷ್ಟೇ ಉದ್ದವಾಗಿ ಎಳೆತ ಇಳಿಯುತ್ತದೆ. ಭಾರವಾದ ಚಕ್ರವನ್ನು ನಿಲ್ಲಿಸಲು ಬ್ರೇಕಿಗೆ ಹೆಚ್ಚು ಕೆಲಸ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಒಂದು ಚಕ್ರ ಮೇಲೆದ್ದಾಗ ಒಳಗಿನ ಮಡ್‌ಗಾರ್ಡಿಗೆ ಉಜ್ಜಬಹುದು. ಹಿಂಬಾಗಿಲಿಗೆ ನೇತು ಹಾಕಿದ ಸ್ಟೆಪ್ನಿ ಭಾರವಾದಷ್ಟೂ ಅದರ ಹಿಂಜ್ ಜಗ್ಗುತ್ತದೆ. ಎಎಕ್ಸ್5ಎಲ್‌ನ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಬಿಗಿದು ನಿಲ್ಲದಂತೆ ನೋಡುವುದು), ಇಎಸ್‌ಪಿ (ಗಾಡಿ ಜಾರದಂತೆ ಹಿಡಿಯುವುದು), ತಾನೇ ಬ್ರೇಕ್ ಹಾಕುವ ವ್ಯವಸ್ಥೆ ಎಲ್ಲದರ ಲೆಕ್ಕವೂ ಕಂಪನಿಯ ಚಕ್ರದ ಸುತ್ತಳತೆಯ ಮೇಲೆ ನಿಂತದ್ದು. ಎರಡು ಸೆಂಟಿಮೀಟರಿಗೆ ಇಷ್ಟು ಕೊಡುವುದು ನನಗೆ ಸರಿ ಕಾಣುವುದಿಲ್ಲ. ಕಾನೂನೂ ಇದೆ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಅದರ ಮೇಲೆ 2019ರ ಜನವರಿಯ ಸುಪ್ರೀಂ ಕೋರ್ಟ್ ತೀರ್ಪು. ಕಂಪನಿಯ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ. ಮುಂದೆ ಕಬ್ಬಿಣದ ಬುಲ್ ಬಾರ್ ಹಾಕುವುದಂತೂ 2017ರ ಡಿಸೆಂಬರಿನಿಂದಲೇ ನಿಷೇಧ. ಅದನ್ನು ಫ್ರೀ ಕೊಟ್ಟರೂ ಬೇಡ ಅನ್ನು.

ಐದು ಅಂದೆನಲ್ಲ, ಅದಕ್ಕೆ ಕಾರಣ ಸ್ಟೆಪ್ನಿ. ನಾಲ್ಕು ಆಲ್ ಟೆರೇನ್ ಹಾಕಿಸಿ ಹಳೆ ಟೈರನ್ನೇ ಸ್ಟೆಪ್ನಿಯಾಗಿ ಬಿಟ್ಟರೆ, ಅದನ್ನು ಹಾಕಿಕೊಂಡು ಫೋರ್ ವ್ಹೀಲ್ ತೊಡಗಿಸಿದಾಗ ಎತ್ತರದ ವ್ಯತ್ಯಾಸವನ್ನೆಲ್ಲ ಗೇರುಗಳು ನುಂಗಬೇಕು. ಇದೇ ಕಾರಣಕ್ಕೆ ಒಣ ಡಾಂಬರಿನ ಮೇಲೆ 4ಎಚ್, ಅಂದರೆ ಮಾಮೂಲಿ ವೇಗದ ಫೋರ್ ವ್ಹೀಲ್, ಹಾಕಬಾರದು. ತಿರುವಿನಲ್ಲಿ ಮುಂದಿನ, ಹಿಂದಿನ ಆಕ್ಸಲ್ ಬೇರೆ ಬೇರೆ ದೂರ ಉರುಳಬೇಕು, ಬಿಗಿದುಕೊಂಡಿದ್ದರೆ ಹೇಗೆ ಉರುಳುತ್ತವೆ. ಐದನ್ನೂ ಸರದಿಯ ಮೇಲೆ, 8ರಿಂದ 10 ಸಾವಿರ ಕಿ.ಮೀ.ಗೊಮ್ಮೆ ಬದಲಾಯಿಸುತ್ತಿದ್ದರೆ ಸಮನಾಗಿ ಸವೆಯುತ್ತವೆ. ಕೊಳ್ಳುವಾಗ ಗೋಡೆಯ ಮೇಲಿನ ನಾಲ್ಕು ಅಂಕಿ ನೋಡು. 2325 ಅಂದರೆ 2025ರ 23ನೇ ವಾರದಲ್ಲಿ ಮಾಡಿದ್ದು. ಅಳತೆಯ ಪಕ್ಕದ ಭಾರದ ಅಂಕಿ ಕಂಪನಿ ಟೈರಿನ ಮೇಲಿರುವುದಕ್ಕಿಂತ ಕಡಿಮೆ ಇರಕೂಡದು. 109 ಅಂದರೆ ಒಂದು ಟೈರು ಹೊರುವುದು 1,030 ಕೆ.ಜಿ., 112 ಅಂದರೆ 1,120. ಹಾಕಿಸಿದ ಮೇಲೆ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್, ಮತ್ತು 100 ಕಿ.ಮೀ. ಓಡಿದ ಬಳಿಕ ಪಾನಾ ಹಿಡಿದು ನಟ್ಟುಗಳನ್ನು ಮತ್ತೊಮ್ಮೆ ನೋಡು.

ಹವಾ. ರಸ್ತೆಗೆ ಎಷ್ಟು ಅನ್ನುವುದು ಬಾಗಿಲ ಚೌಕಟ್ಟಿನ ಸ್ಟಿಕರಿನಲ್ಲಿದೆ. ಮುರುಮ್ಮು, ಕಲ್ಲಿನ ದಾರಿಗೆ 22ರಿಂದ 24 ಪಿಎಸ್‌ಐ, ಮೆತ್ತನೆಯ ಕೆಸರಿಗೆ 18. ಇಳಿಸಿದಾಗ ಟೈರು ಅಗಲಕ್ಕಿಂತ ಉದ್ದಕ್ಕೆ ಹೆಚ್ಚು ನೆಲ ಹಿಡಿಯುತ್ತದೆ, ಬುಲ್ಡೋಜರಿನ ಪಟ್ಟಿಯ ಹಾಗೆ. 15ಕ್ಕಿಂತ ಇಳಿದರೆ ಟೈರು ರಿಮ್ಮು ಬಿಟ್ಟು ಬರುವ ಅಪಾಯ. ಇಳಿಸಿದ ಮೇಲೆ 30ರ ವೇಗ ದಾಟಬೇಡ, ಡಾಂಬರು ಹತ್ತುವ ಮೊದಲು ತುಂಬಿಸು, ಇಲ್ಲದಿದ್ದರೆ ಗೋಡೆ ಕಾದು ಒಡೆಯುತ್ತದೆ. ಕಂಪ್ರೆಸರ್ ಕೊಳ್ಳುವಾಗ ಬ್ಯಾಟರಿಗೇ ಕಚ್ಚಿಸುವ ಕ್ಲಿಪ್ಪಿನದು ಕೊಳ್ಳು. ಸಿಗರೇಟ್ ಲೈಟರ್ ತೂತಿಗೆ ಸಿಕ್ಕಿಸುವ ದೊಡ್ಡದು ಫ್ಯೂಸ್ ಹಾರಿಸುತ್ತದೆ.

ಇನ್ಶೂರೆನ್ಸಿನಲ್ಲಿ ಎಂಜಿನ್ ಪ್ರೊಟೆಕ್ಟ್ ಸೇರಿಸು, ನೀರು ಎಳೆದು ಎಂಜಿನ್ ಕೂತರೆ ಸಾದಾ ಪಾಲಿಸಿ ಕೆಲಸಕ್ಕೆ ಬರುವುದಿಲ್ಲ. 650 ಮಿ.ಮೀ. ಅನ್ನುವುದು ನಿಂತ ನೀರಿನ ಲೆಕ್ಕ. ಹರಿಯುವ ನೀರಿಗೆ ಅದನ್ನು ನಂಬಬೇಡ. ಸಾತಾರಾ ಹತ್ತಿರದ ಕಾಸ್ ಕಡೆಯ ಹೂವಿನ ಬಯಲುಗಳ ಮೇಲೆ ಚಕ್ರ ಇಡಬೇಡ, ಗೋವಾದ ಬೀಚಿಗೆ ಇಳಿಸಬೇಡ, ಪೊಲೀಸರು ಕೇಸು ಹಾಕುತ್ತಾರೆ, ಹಾಕಬೇಕು ಕೂಡ.

ಊರಿನ ಎರೆಯಲ್ಲಿ ಆಲ್ ಟೆರೇನ್ ಸಿಕ್ಕಿಕೊಂಡರೆ ಆಕ್ಸಿಲರೇಟರ್ ಒತ್ತಿ ನೆಲದಲ್ಲಿ ಗುಂಡಿ ತೋಡಬೇಡ. ನಿಲ್ಲಿಸು, ಹವಾ ಇಳಿಸು, ಬಂದ ಗಾಲಿ ಜಾಡಿನಲ್ಲೇ ಹಿಂದಕ್ಕೆ ತೆಗೆ. ಆಗಲೂ ಬರದಿದ್ದರೆ ಫೋನ್ ಮಾಡು. ಪುಣೆಯಿಂದ ಬರಲು ಏಳೆಂಟು ತಾಸು ಹಿಡಿಯುತ್ತದೆ, ಬರುತ್ತೇನೆ.

ಮೊದಲ ಸಲ ಪಾನಶೇತ್ ಕಡೆ ಹೋಗೋಣ, ದಾರಿ ಸುಲಭ, ಕಲ್ಲು ಸಣ್ಣವು. ಎಳೆಯುವ ಹಗ್ಗ, ಅದನ್ನು ಗಾಡಿಗೆ ಸಿಕ್ಕಿಸುವ ಶ್ಯಾಕಲ್ ನನ್ನ ಹತ್ತಿರ ಇವೆ. ಥರ್ಮಾಸ್ ತುಂಬ ಚಹಾ ನಾನೇ ತರುತ್ತೇನೆ. ಮಿಕ್ಕದ್ದನ್ನು ಯಾರು ತರಬೇಕು ಅಂತ ನಿನಗೆ ಗೊತ್ತು, ನಾನು ಬಾಯಿ ಬಿಡುವುದಿಲ್ಲ.

ನಿನ್ನ,
ಬಸ್ಯಾ
ಕೋಥರೂಡ್, ಪುಣೆ