ಬೆಲ್ಲನ 84 ದಿನ ಮತ್ತು ನಮ್ಮ ಲ್ಯಾಬ್ ಅಕ್ಕ

ನಿನ್ನೆ ರಾತ್ರಿ ನಮ್ಮ ಬೆಕ್ಕು ಬೆಲ್ಲನಿಗೆ 84ನೇ ದಿನದ ಮಾತ್ರೆ ಕೊಟ್ಟೆವು. ಅದೇ ಕೊನೆಯದು. ನುಂಗಿದವನು ಎಂದಿನ ಹಾಗೆ ಮೂತಿ ತಿರುಗಿಸಿಕೊಂಡು ಹೋಗಿ ಕಾಫಿ ಚೀಲದ ಮೇಲೆ ಮಲಗಿದ. ನಾನು ಅಡುಗೆಮನೆಯಲ್ಲಿ ನಿಂತು ಸುಮ್ನೆ ಅತ್ತುಬಿಟ್ಟೆ.

ಆಷಾಢದಲ್ಲಿ ಅವನ ಹೊಟ್ಟೆಯಲ್ಲಿ ನೀರು ತುಂಬಿ, ಬದುಕುತ್ತಾನೋ ಇಲ್ಲವೋ ಅನ್ನುವ ಹಾಗಾಗಿದ್ದು ನಿಮಗೆಲ್ಲ ಗೊತ್ತೇ ಇದೆ. ಹೊಟ್ಟೆ ಊದಿಕೊಂಡಿದ್ದ ಫೋಟೋ ನೋಡಿದ್ದೀರಿ. ಮತ್ತೆ ಮೊದಲಿಂದ ಹೇಳುವುದಿಲ್ಲ.

ಬೆಂಗಳೂರಿನಲ್ಲಿ ಔಷಧ ಹೊಂದಿಸಿ ರಾತ್ರಿ ಬಸ್ಸಿಗೆ ಹಾಕಿದ ಗೆಳತಿ, ಚಿಕ್ಕಮಗಳೂರಿಂದ ಆ ಮಳೆಯಲ್ಲಿ ಬೇಲೂರು ದಾಟಿಸಿ ಹಾಸನ ಮುಟ್ಟಿಸಿದ ಭಾವ, ದಿನಾ ಮೀನು ಬೇಯಿಸಿ ಮುಳ್ಳು ಬಿಡಿಸಿಕೊಟ್ಟ ಪಕ್ಕದ ಮನೆ ಆಂಟಿ, ದುಡ್ಡು ಕಳಿಸಿ ಹೆಸರು ಹೇಳಬೇಡಿ ಅಂದವರು, ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿ ಅಲ್ಲೇ ಕ್ಲಿನಿಕ್ ಇಟ್ಟಿರುವ ನಮ್ಮ ಡಾಕ್ಟರು, ನಿಮ್ಮೆಲ್ಲರ ಋಣ ನಮ್ಮ ಮೇಲಿದೆ.

ಆದರೆ ಈ ಬರಹ ಜಾಸ್ತಿ ಒಬ್ಬರಿಗೆ. ಹಾಸನದ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸ ಮಾಡುವವರು. ಹೆಸರು ಹಾಕಬೇಡ ಅಂದಿದ್ದಾರೆ. ನಮ್ಮ ಮನೆಯಲ್ಲಿ ಅವರು ಲ್ಯಾಬ್ ಅಕ್ಕ.

ಅಲ್ಲಿಗೆ ಹೋಗುವ ಮೊದಲು ಇನ್ನೊಂದು ಕಡೆ ರಕ್ತದ ಒಂದೇ ಒಂದು ಟೆಸ್ಟ್ ನೋಡಿ, "ಕೊರೊನಾ ಪಾಸಿಟಿವ್, ಎಫ್‌ಐಪಿ, ಇಂಜೆಕ್ಷನ್ ಕೊಟ್ಟು ಮುಗಿಸಿಬಿಡೋದು ಒಳ್ಳೇದು" ಎಂದಿದ್ದರು. ಎಫ್‌ಐಪಿ ಅಂದರೆ ಬೆಕ್ಕುಗಳಿಗೆ ಬರುವ, ಔಷಧ ಸಿಗದಿದ್ದರೆ ಹೆಚ್ಚಾಗಿ ಜೀವ ತೆಗೆಯುವ ಕಾಯಿಲೆ. ಅಕ್ಕ ಆ ಕಾಗದ ಓದಿ ಪಕ್ಕಕ್ಕಿಟ್ಟರು. "ಇದು ಆಂಟಿಬಾಡಿ ಟೆಸ್ಟ್ ಕಣಮ್ಮ. ಬೆಕ್ಕಿನ ಕೊರೊನಾ ವೈರಸ್ ಯಾವತ್ತೋ ತಗುಲಿದೆ ಅಂತ ಮಾತ್ರ ಹೇಳುತ್ತೆ. ತುಂಬಾ ಬೆಕ್ಕು ಒಟ್ಟಿಗಿರೋ ಮನೇಲಿ ಹೆಚ್ಚಿನವಕ್ಕೆ ಇದು ಪಾಸಿಟಿವ್ವೇ, ಆರಾಮಾಗಿ ಓಡಾಡಿಕೊಂಡಿರ್ತವೆ. ಕೆಲವಕ್ಕೆ ಮಾತ್ರ ಆ ವೈರಸ್ ಮೈಯೊಳಗೇ ಬದಲಾಗಿ ಎಫ್‌ಐಪಿ ಆಗೋದು. ಹೊಟ್ಟೆಯ ನೀರು ನೋಡದೆ ನಾನೇನೂ ಹೇಳಲ್ಲ."

ಡಾಕ್ಟರು ತೆಗೆದುಕೊಟ್ಟ ನೀರು ಜೇನಿನ ಬಣ್ಣಕ್ಕಿತ್ತು, ಅಂಟಂಟು. ಅಕ್ಕ ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡರು. ಗಾಜಿನ ಟ್ಯೂಬಿನಲ್ಲಿ ಡಿಸ್ಟಿಲ್ಡ್ ವಾಟರ್, ಅದಕ್ಕೆ ಒಂದು ತೊಟ್ಟು ಅಸಿಟಿಕ್ ಆಸಿಡ್. ಅದರ ಮೇಲೆ ಬೆಲ್ಲನ ಹೊಟ್ಟೆಯ ನೀರು ಒಂದೇ ಹನಿ. ಕರಗಿಹೋಗಲಿ ದೇವರೇ ಅಂದುಕೊಂಡೆ. ಕರಗಲಿಲ್ಲ. ಬೆಂದ ಸಬ್ಬಕ್ಕಿ ಕಾಳಿನ ಹಾಗೆ ಮುದ್ದೆಯಾಗಿ ನಿಂತು, ಸಣ್ಣ ಬಾಲ ಬಿಟ್ಟುಕೊಂಡು ಮೆಲ್ಲಗೆ ತಳಕ್ಕಿಳಿಯಿತು. ಇದಕ್ಕೆ ರಿವಾಲ್ಟಾ ಟೆಸ್ಟ್ ಅಂತಾರೆ.

"ಕರಗಿದ್ರೆ ಎಫ್‌ಐಪಿ ಅಲ್ಲ ಅಂತ ಹೆಚ್ಚುಕಮ್ಮಿ ಧೈರ್ಯವಾಗಿ ಹೇಳ್ತಿದ್ದೆ. ಕರಗಿಲ್ಲ ಅಂದ ಮಾತ್ರಕ್ಕೆ ಹೌದು ಅಂತಲೂ ಅಲ್ಲ. ಬ್ಯಾಕ್ಟೀರಿಯಾ ಸೋಂಕಿದ್ರೂ, ಲಿಂಫೋಮಾ ಅನ್ನೋ ಕ್ಯಾನ್ಸರ್ ಇದ್ರೂ ಹೀಗೇ ಆಗಬಹುದು." ಹೀಗೆಂದು ಸ್ಲೈಡ್ ಮಾಡಿ ಮೈಕ್ರೋಸ್ಕೋಪಿನ ಮುಂದೆ ಕೂತರು. ಲ್ಯಾಬ್ ಮುಚ್ಚುವ ಹೊತ್ತು ಯಾವಾಗಲೋ ದಾಟಿತ್ತು. ಬ್ಯಾಕ್ಟೀರಿಯಾ ಕಾಣಲಿಲ್ಲ, ಕ್ಯಾನ್ಸರಿನ ಜೀವಕೋಶವೂ ಕಾಣಲಿಲ್ಲ. ಆ ನೀರಿನಲ್ಲಿ ಅಲ್ಬುಮಿನ್ ಮತ್ತು ಗ್ಲಾಬ್ಯುಲಿನ್ ಎಂಬ ಪ್ರೋಟೀನುಗಳ ಅನುಪಾತ 0.3. ಅದು 0.4ಕ್ಕಿಂತ ಕೆಳಗಿದ್ದರೆ ಎಫ್‌ಐಪಿ ಅನುಮಾನ ಬಲವಾಗುತ್ತದೆ. ವೈರಸ್ಸನ್ನೇ ಹುಡುಕುವ ಪಿಸಿಆರ್ ಟೆಸ್ಟಿಗೂ ಸ್ವಲ್ಪ ತೆಗೆದಿಟ್ಟರು. ಎಲ್ಲ ಸೇರಿಸಿ ನೋಡಿದ ಮೇಲೆ ಡಾಕ್ಟರ ಬಾಯಿಂದಲೂ ಬಂದದ್ದು ಅದೇ ಹೆಸರು, ಎಫ್‌ಐಪಿ. ಆದರೆ ಈ ಸಲ ಅದು ಊಹೆಯಾಗಿರಲಿಲ್ಲ. ಔಷಧ ಇದೆ ಅಂತಲೂ ಹೇಳಿದರು. ಜಿಎಸ್-441524. ಅಮೆರಿಕದ ಡೇವಿಸ್‌ನಲ್ಲಿ ನೀಲ್ಸ್ ಪೆಡರ್ಸನ್ ಎಂಬ ಪಶುವೈದ್ಯ ವಿಜ್ಞಾನಿ ಮತ್ತು ಜೊತೆಗಾರರು 31 ಬೆಕ್ಕುಗಳಿಗೆ ಕೊಟ್ಟು ನೋಡಿ, 25 ದೀರ್ಘಕಾಲ ಬದುಕಿದವು ಅಂತ 2019ರಲ್ಲಿ ವರದಿ ಮಾಡಿದ್ದರಂತೆ. ಆ ಎರಡು ಸಂಖ್ಯೆಗಳನ್ನು ಎಷ್ಟು ಸಲ ಬಾಯಲ್ಲಿ ಹೇಳಿಕೊಂಡೆನೋ.

ಔಷಧ ಬರುವುದು ಬೆಳಗ್ಗೆ. ರಾತ್ರಿ ಕಳೆಯಬೇಕಿತ್ತು. "ಈ ಮಳೇಲಿ ವಾಪಸ್ ಹೋಗ್ಬೇಡಿ" ಅಂತ ಅಕ್ಕ ತಮ್ಮ ಮನೆಗೇ ಕರೆದುಕೊಂಡು ಹೋದರು. ಎರಡು ಕೋಣೆಯ ಮನೆ. ಟಿವಿ ಪಕ್ಕದಲ್ಲಿ ಹಳೇ ಕಂಬಳಿ ಹಾಸಿ ಬೆಲ್ಲನನ್ನು ಮಲಗಿಸಿದರು. ನಮಗೆ ಅಕ್ಕಿ ರೊಟ್ಟಿ ತಟ್ಟಿದರು. ನನಗೆ ಇಳಿಯಲಿಲ್ಲ. ಆಮೇಲೆ ಅಕ್ಕ ಗೋಡೆಗೆ ಒರಗಿ ಕೂತು, ಗಡಿಯಾರ ನೋಡಿಕೊಂಡು ಅವನ ಉಸಿರು ಎಣಿಸತೊಡಗಿದರು. ಮಲಗಿರುವ ಬೆಕ್ಕಿಗೆ ನಿಮಿಷಕ್ಕೆ 30ರ ಒಳಗಿರಬೇಕು. ರಾತ್ರಿ ಎರಡು ಗಂಟೆಗೆ 56.

ನಾನು ಆಗ ಹೇಳಿದ ಮಾತು ಇಲ್ಲಿ ಬರೆಯಲೇಬೇಕು. "ಸಾಕು ಅಕ್ಕ, ಬಿಟ್ಟುಬಿಡೋಣ, ನನ್ನ ಕೈಲಿ ನೋಡಕ್ಕಾಗ್ತಿಲ್ಲ" ಅಂದೆ. ಅವನು ನನ್ನನ್ನೇ ನೋಡುತ್ತಿದ್ದ. ಈಗಲೂ ಅದನ್ನು ನೆನೆದರೆ ಗಂಟಲು ಕಟ್ಟುತ್ತದೆ. ಅಕ್ಕ ಸಮಾಧಾನದ ಮಾತು ಒಂದೂ ಆಡಲಿಲ್ಲ. ಡಾಕ್ಟರಿಗೆ ಫೋನ್ ಹಚ್ಚಿದರು. ಅವರು ರೇನ್‌ಕೋಟಿನಲ್ಲೇ ಬಂದು ಎದೆಯ ನೀರು ಸ್ವಲ್ಪ ತೆಗೆದು ಹೋದರು. ಅಕ್ಕ ಮತ್ತೆ ಎಣಿಸಲು ಕೂತರು. "48." ಸ್ವಲ್ಪ ಹೊತ್ತಿಗೆ "44." ಬೆಳಗಿನ ಜಾವ ನನಗೆ ಹಾಗೇ ಜೋಂಪು ಹತ್ತಿತು. ಎದ್ದಾಗಲೂ ಅವರು ಅಲ್ಲೇ, ಅದೇ ಗೋಡೆಗೆ. ಲ್ಯಾಬಿನ ಖಾಲಿ ಫಾರಮ್ಮಿನ ಹಿಂದೆ ಒಂದರ ಕೆಳಗೊಂದು ಸಂಖ್ಯೆ ಬರೆದಿದ್ದರು. ಕೊನೆಯದು 38. ಅದೇ ಹೊತ್ತಿಗೆ ಬಸ್ ಸ್ಟ್ಯಾಂಡಿಂದ ಭಾವ ಫೋನ್ ಮಾಡಿದರು, ಪಾರ್ಸೆಲ್ ಸಿಕ್ಕಿತು ಅಂತ.

ಮುಂದಿನದೂ ನಿಮಗೆ ಗೊತ್ತು, 84 ದಿನದ ಮಾತ್ರೆ. ಮಾತ್ರೆ ತೂಕದ ಲೆಕ್ಕದಲ್ಲಿ ಕೊಡಬೇಕಾದ್ದರಿಂದ ಪ್ರತಿ ಭಾನುವಾರ ತೂಕ ಹಾಕಿ ಡಾಕ್ಟರಿಗೂ ಅಕ್ಕನಿಗೂ ಕಳಿಸುತ್ತಿದ್ದೆ. ಒಂದು ವಾರ ತಡವಾದರೆ ಅವರದೇ ಮೆಸೇಜ್ ಬರುತ್ತಿತ್ತು, "ಹುಡುಗ ಎಷ್ಟಾದ?"

ಅಕ್ಕ, ಹೋದ ವಾರದ ರಕ್ತದಲ್ಲಿ ಆ ಪ್ರೋಟೀನುಗಳ ಅನುಪಾತ 0.8 ಅಂತ ಬರೆದುಕೊಟ್ಟವರು ನೀವೇ. ಇನ್ನು 12 ವಾರ ಕಣ್ಣಿಟ್ಟು ನೋಡಬೇಕು ಅಂದಿದ್ದೀರಿ, ನೋಡ್ತೀವಿ. ಆ ಫಾರಮ್ ದೇವರ ಮನೆಯಲ್ಲಿ ಇಟ್ಟಿದ್ದೇನೆ. ಬಂದಾಗ 2.1 ಕೆಜಿ ಇದ್ದ. ಇವತ್ತು ಬೆಳಗ್ಗೆ 3.8.