ಅಂಬಾಸಿಡರ್ ಮತ್ತೆ ರಸ್ತೆಗಿಳಿದಿದೆ: ದಾವಣಗೆರೆ, ಹರಿಹರದ ಕೆಲಸಗಾರರಿಗೆ ನಮ್ಮ ಕೃತಜ್ಞತೆ

ನಮ್ಮ ಮಾರ್ಕ್ 2 ಅಂಬಾಸಿಡರ್‌ನ ಕೆಲಸ ಪೂರ್ತಿ ಮುಗಿದಿದೆ. ಆರ್‌ಟಿಓ ತಪಾಸಣೆ ಆಗಿ ಆರ್‌ಸಿ ಐದು ವರ್ಷಕ್ಕೆ ನವೀಕರಣವೂ ಆಯಿತು. ಗುಜರಿಯಲ್ಲಿ ತೂಕಕ್ಕೆ ಹೋಗಬೇಕಿದ್ದ ಗಾಡಿಯನ್ನು ಉಳಿಸಿಕೊಟ್ಟ ಟಿಂಕರ್ ಮೇಸ್ತ್ರಿಗಳು, ಹರಿಹರದ ಲೇತಿನ ಯಜಮಾನರು, ಪೇಂಟರ್ ಅಣ್ಣ, ಎಲೆಕ್ಟ್ರಿಷಿಯನ್, ಕುಶನ್ ಅಂಗಡಿಯವರು, ಪಿ.ಬಿ. ರಸ್ತೆಯ ಬಿಡಿಭಾಗದ ಅಂಗಡಿಯವರು, ಎಲ್ಲರಿಗೂ ನಮ್ಮ ಮನೆಮಂದಿಯ ನಮಸ್ಕಾರ. ಹೆಸರು ಹಾಕುವುದು ಬೇಡ ಎಂದು ಅವರೇ ಕೇಳಿದ್ದರಿಂದ ಕಸುಬಿನ ಹೆಸರಿನಲ್ಲೇ ಕರೆಯುತ್ತಿದ್ದೇವೆ. ಬರೀ ಧನ್ಯವಾದ ಹೇಳಿ ಸುಮ್ಮನಾದರೆ ಅವರ ಕೈಕೆಲಸ ಯಾರಿಗೂ ಗೊತ್ತಾಗುವುದಿಲ್ಲ. ಏನು ಮಾಡಿದರು, ಯಾಕೆ ಹಾಗೇ ಮಾಡಿದರು, ಅದಕ್ಕೆ ಹಣ ಹೇಗೆ ಲೆಕ್ಕ ಹಾಕಿದರು ಎಂಬುದೂ ನಾಲ್ಕು ಜನಕ್ಕೆ ತಿಳಿಯಲಿ.

ರೇಟಿನ ಮಾತೇ ಮೊದಲು. ಟಿಂಕರ್ ಮೇಸ್ತ್ರಿಗಳು ಗಾಡಿಯನ್ನು ಸುತ್ತ ನೋಡಿ, "ಒಟ್ಟು ಇಷ್ಟು ಅಂತ ಈಗ್ಲೇ ಹೇಳೋಕೆ ಬರಲ್ರಿ, ಬಿಚ್ಚಿ ನೋಡಾನ" ಅಂದರು. ಅದೇ ಸರಿಯಾದ ಮಾತು. ಅಂಬಾಸಿಡರ್‌ಗೆ ಲಾರಿಯಂತೆ ಬೇರೆ ಚಾಸಿ ಇಲ್ಲ. ನೆಲದ ಶೀಟು, ಬಾಗಿಲ ಕೆಳಗಿನ ಸಿಲ್, ಅದರೊಳಗಿನ ಬಾಕ್ಸ್ ಇವೇ ಸೇರಿ ಭಾರ ಹೊರುತ್ತವೆ. ತುಕ್ಕು ಹಿಡಿಯುವುದೂ ಅಲ್ಲೇ. ಮ್ಯಾಟು, ಡಾಂಬರು, ಹಳೇ ಪುಟ್ಟಿ ಕೆರೆದು ತೆಗೆಯುವವರೆಗೆ ಶೀಟು ಎಷ್ಟು ಉಳಿದಿದೆ ಎಂದು ಯಾರಿಗೂ ಗೊತ್ತಾಗದು. ನೋಡದೆ ಒಟ್ಟು ರೇಟು ಹೇಳುವವರು ಎರಡರಲ್ಲಿ ಒಂದು ಮಾಡಲೇಬೇಕಾಗುತ್ತದೆ: ಭಯಕ್ಕೆ ಹೆಚ್ಚು ಸೇರಿಸಿ ಹೇಳುವುದು, ಇಲ್ಲವೇ ಕಡಿಮೆ ಹೇಳಿ ಆಮೇಲೆ ತುಕ್ಕಿನ ಮೇಲೆ ಪುಟ್ಟಿ ಬಳಿದು ಮುಚ್ಚುವುದು. ನಮ್ಮ ಮೇಸ್ತ್ರಿಗಳು ಬಿಚ್ಚಿ ಕೆರೆಯುವುದಕ್ಕಷ್ಟೇ ಒಂದು ಮೊತ್ತ ಹೇಳಿದರು. ಕೆರೆದ ಮೇಲೆ ಒಂದೊಂದು ಭಾಗದ ಮೇಲೂ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಉಳಿಯುವುದಕ್ಕೆ ಗೆರೆ, ತುಂಡು ಹಾಕುವುದಕ್ಕೆ ಚೌಕ, ಪೂರ್ತಿ ಹೊಸದಾಗಬೇಕಾದ್ದಕ್ಕೆ ಅಡ್ಡಗೀಟು. ಆಮೇಲೆ ಭಾಗಕ್ಕೆ ಇಂತಿಷ್ಟು ಕೂಲಿ ಎಂದು ನಮ್ಮೆದುರೇ ಬರೆದರು: ಮೇಸ್ತ್ರಿಗೆ ದಿನಕ್ಕೆ 1,500 ರೂಪಾಯಿ, ಹೆಲ್ಪರ್‌ಗೆ 800, ಶೀಟು ಮತ್ತು ಗ್ಯಾಸಿಗೆ ಅಂಗಡಿ ಬಿಲ್ಲು ಎಷ್ಟೋ ಅಷ್ಟು. ಬರೆದದ್ದಕ್ಕಿಂತ ಹೆಚ್ಚು ತುಕ್ಕು ಕಂಡ ಕಡೆ ಕೆಲಸ ನಿಲ್ಲಿಸಿ, ಫೋಟೋ ಕಳಿಸಿ, ಕೇಳಿದ ಮೇಲೇ ಮುಂದುವರಿದರು. ಕತ್ತರಿಸಿ ತೆಗೆದ ಹಳೇ ಶೀಟನ್ನೆಲ್ಲ ಗೋಣಿಚೀಲದಲ್ಲಿ ತುಂಬಿ ನಮಗೆ ತೋರಿಸಿದ್ದೂ ಉಂಟು.

ಎಡಗಡೆ ಸಿಲ್‌ನಲ್ಲಿ ಹಿಂದೆ ಯಾರೋ ಮಾಡಿದ್ದ ರಿಪೇರಿ ಹೊರಬಿತ್ತು. ತುಕ್ಕು ತಿಂದ ಶೀಟನ್ನು ಹಾಗೇ ಬಿಟ್ಟು, ಅದರ ಮೇಲೆ ಸತು ಲೇಪಿಸಿದ ಜಿಐ ಶೀಟು ಇಟ್ಟು ರಿವೆಟ್ ಹೊಡೆದು, ಬೆರಳ ದಪ್ಪ ಪುಟ್ಟಿ ಹಾಕಿದ್ದರು. ಇಂಥ ಕೆಲಸ ಒಂದೆರಡು ಮಳೆಗಾಲ ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಎರಡು ಶೀಟಿನ ನಡುವೆ ಸೇರಿದ ನೀರಿಗೆ ಹೊರಬರಲು ದಾರಿ ಇರುವುದಿಲ್ಲ, ಪುಟ್ಟಿಯೂ ತೇವ ಹೀರುತ್ತದೆ, ಬಣ್ಣ ಗುಳ್ಳೆ ಎದ್ದು ಒಳಗೆಲ್ಲ ಪುಡಿಪುಡಿ. ಜಿಐ ಶೀಟನ್ನು ವೆಲ್ಡ್ ಮಾಡಿದರೂ ಪ್ರಯೋಜನ ಕಡಿಮೆ. ಬೆಸುಗೆಯ ಬಿಸಿಗೆ ಸತುವಿನ ಲೇಪ ಸುಟ್ಟುಹೋಗಿ ಅಂಚಿನಲ್ಲಿ ಬರೀ ಕಬ್ಬಿಣ ಉಳಿಯುತ್ತದೆ, ಆ ಹೊಗೆ ವೆಲ್ಡ್ ಮಾಡುವವರ ಎದೆಗೂ ಕೆಟ್ಟದ್ದು.

ಮೇಸ್ತ್ರಿಗಳು ಸಿಲ್ ಕತ್ತರಿಸುವ ಮೊದಲು ಮಾಡಿದ ಕೆಲಸವನ್ನು ವಿವರವಾಗಿ ಹೇಳಬೇಕು, ಯಾಕೆಂದರೆ ಅದು ಬಿಲ್ಲಿನಲ್ಲಿ ಎದ್ದು ಕಾಣುವುದಿಲ್ಲ. ಗಾಡಿಯನ್ನು ಸಮತಟ್ಟು ನೆಲದ ಮೇಲೆ ಸ್ಟ್ಯಾಂಡಿಗೆ ಕೂರಿಸಿದರು. ಬಾಗಿಲ ಚೌಕದ ಒಳಗೆ ಮುಂದಿನ ಕಂಬದಿಂದ ನಡುವಿನ ಕಂಬಕ್ಕೆ, ಅಲ್ಲಿಂದ ಹಿಂದಕ್ಕೆ ಪೈಪುಗಳನ್ನು ತಾತ್ಕಾಲಿಕವಾಗಿ ವೆಲ್ಡ್ ಮಾಡಿ ಬಿಗಿದರು. ಇದನ್ನು ಬಿಟ್ಟು ಸಿಲ್ ಕತ್ತರಿಸಿದರೆ ಗಾಡಿ ನಡುವಿಗೆ ಜೋತುಬೀಳುತ್ತದೆ, ಹಾಗೇ ಹೊಸ ಸಿಲ್ ಬೆಸೆದರೆ ಬಾಗಿಲು ಜನ್ಮದಲ್ಲಿ ಸರಿಯಾಗಿ ಕೂರುವುದಿಲ್ಲ. ಒಮ್ಮೆಗೆ ಒಂದೇ ಬದಿ. ಶೀಟು ಹೊಳೆಯುವ ಗಟ್ಟಿ ಕಬ್ಬಿಣ ಸಿಗುವವರೆಗೂ ಕತ್ತರಿಸಿ, 20 ಗೇಜಿನ ಸಿಆರ್ (ತಣ್ಣಗೆ ಉರುಳಿಸಿ ತೆಳ್ಳಗೆ ಮಾಡಿದ ಉಕ್ಕಿನ) ಶೀಟನ್ನು, ಅಂದರೆ ಸುಮಾರು 0.9 ಮಿಲಿಮೀಟರ್ ದಪ್ಪದ್ದನ್ನು, ಮಡಚಿ ಅಂಚಿಗೆ ಅಂಚು ಕೂರಿಸಿದರು. ಗ್ಯಾಸ್ ವೆಲ್ಡಿಂಗ್ ಬಿಸಿಯನ್ನು ಅಗಲಕ್ಕೆ ಹರಡಿ ಶೀಟನ್ನು ಅಲೆ ಏಳಿಸುವುದರಿಂದ ಹೊರಗಿನ ಭಾಗಕ್ಕೆಲ್ಲ ಸಿಓಟು ವೆಲ್ಡಿಂಗ್, ಅಂದರೆ ತಂತಿ ಹರಿಸಿ ಕರೆಂಟಿನಲ್ಲಿ ಬೆಸೆಯುವುದು. ಅದನ್ನೂ ಉದ್ದಕ್ಕೆ ಒಂದೇ ಸಲ ಎಳೆಯಲಿಲ್ಲ. ಇಲ್ಲಿ ಒಂದು ಇಂಚು, ಅಡಿ ಬಿಟ್ಟು ಅಲ್ಲೊಂದು ಇಂಚು, ತಣಿದ ಮೇಲೆ ಮಧ್ಯದ್ದು. ನಡುನಡುವೆ ಬಾಗಿಲು ಹಾಕಿ, 5 ಮಿಲಿಮೀಟರ್ ದಪ್ಪದ ಮರದ ಪಟ್ಟಿಯನ್ನು ಬಾಗಿಲ ಸಂದಿನಲ್ಲಿ ಮೇಲಿಂದ ಕೆಳಗಿನವರೆಗೆ ಎಳೆದು ನೋಡುತ್ತಿದ್ದರು. ಪಟ್ಟಿ ಎಲ್ಲಿ ಸಿಕ್ಕಿಕೊಂಡರೂ ಅಲ್ಲೇ ಕೆಲಸ ನಿಲ್ಲಿಸಿ ಪೈಪಿನ ಬಿಗಿ ಸರಿಮಾಡುವರು. ಸಿಲ್ ಮತ್ತು ಬಾಗಿಲ ತಳದಲ್ಲಿ ನೀರು ಇಳಿಯುವ ತೂತುಗಳನ್ನು ಕಂಪನಿ ಬಿಟ್ಟ ಜಾಗದಲ್ಲೇ ಬಿಟ್ಟರು. ಆ ತೂತು ಮುಚ್ಚಿದ್ದರಿಂದಲೇ ಎಷ್ಟೋ ಗಾಡಿಗಳ ಬಾಗಿಲು ಕೆಳಗಿನಿಂದ ಕೊಳೆಯುತ್ತದೆ. ಈ ಕೆಲಸಕ್ಕೆ ಅವರು ಕೇಳಿದ ಕೂಲಿ ನ್ಯಾಯವಾದದ್ದು. ಬಿಲ್ಲನ್ನು ಕಡಿಮೆ ಮಾಡಿ ಅನ್ನಲು ನಮಗೆ ಬಾಯಿ ಬರಲಿಲ್ಲ, ಬರಬಾರದು ಕೂಡ.

ಇನ್ನು ಎಂಜಿನ್. 1489 ಸಿಸಿಯ ಬಿ-ಸೀರೀಸ್, ಬೋರ್ (ಸಿಲಿಂಡರಿನ ಒಳ ಅಗಲ) 73.025 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) 88.9. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಮಷೀನುಗಳಿಗೇ ಹೆಸರಾಗಿದ್ದ ಕಾರ್ಖಾನೆ. ಅದು ಬಾಗಿಲು ಮುಚ್ಚಿದರೂ ಅಲ್ಲಿ ಪಳಗಿದ ಕೈಗಳು ಊರು ಬಿಟ್ಟು ಹೋಗಲಿಲ್ಲ ಎಂಬುದು ನಮ್ಮ ಭಾಗದ ಪುಣ್ಯ. ಲೇತಿನ ಯಜಮಾನರು ಆ ಪಾಠದವರು. ಬ್ಲಾಕ್ ತಂದಿಟ್ಟ ಕೂಡಲೇ ಬೋರ್ ಮಾಡಲು ಹೋಗಲಿಲ್ಲ. ಡಯಲ್ ಗೇಜ್ ಇಳಿಸಿ ಒಂದೊಂದು ಸಿಲಿಂಡರನ್ನೂ ಮೇಲೆ, ನಡುವೆ, ಕೆಳಗೆ, ಪ್ರತಿ ಜಾಗದಲ್ಲೂ ಉದ್ದಕ್ಕೆ ಮತ್ತು ಅಡ್ಡಕ್ಕೆ ಅಳೆದು ಚಾರ್ಟ್ ಬರೆದರು. ಸವೆತ ಯಾವಾಗಲೂ ಮೇಲ್ಗಡೆ, ಪಿಸ್ಟನ್ ರಿಂಗ್ ತಿರುಗಿ ಇಳಿಯುವ ಜಾಗದಲ್ಲಿ ಹೆಚ್ಚು. ಅಲ್ಲಿ ಬಿಸಿ ಜಾಸ್ತಿ, ಆಯಿಲ್ ಕಡಿಮೆ. ಅದರಲ್ಲೂ ಪಿಸ್ಟನ್ ಒತ್ತುವ ಬದಿಗೆ ಸವೆದು ಸಿಲಿಂಡರ್ ಗುಂಡಗೆ ಉಳಿದಿರುವುದಿಲ್ಲ. ಬರೀ ರಿಂಗ್ ಬದಲಾಯಿಸಿ ಎಂದು ಬರುವವರಿಗೆ ಅವರು ಈ ಚಾರ್ಟನ್ನೇ ತೋರಿಸುತ್ತಾರೆ. ಮೊಟ್ಟೆಯಾಕಾರದ ಬೋರಿನಲ್ಲಿ ಹೊಸ ರಿಂಗ್ ಕೂತರೂ ಹೊಗೆ ನಿಲ್ಲುವುದಿಲ್ಲ.

"ಮೊದ್ಲು ಪಿಸ್ಟನ್ ತಂದ್ಕೊಡ್ರಿ, ಆಮ್ಯಾಲೆ ಬೋರ್ ಮಾಡಾನ" ಎಂದರು. ಡಬ್ಬದ ಮೇಲೆ 30 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ) ಓವರ್‌ಸೈಜ್ ಎಂದು ಬರೆದಿದ್ದರೂ ಪಿಸ್ಟನ್ ಅಷ್ಟೇ ಇರುತ್ತದೆ ಎಂದು ನಂಬುವಂತಿಲ್ಲ. ನಾಲ್ಕನ್ನೂ ಮೈಕ್ರೋಮೀಟರ್‌ನಲ್ಲಿ ಅಳೆದು, ತಕ್ಕಡಿಯಲ್ಲಿ ತೂಗಿ, ಒಂದೊಂದು ಸಿಲಿಂಡರಿಗೂ ಅದರದೇ ಪಿಸ್ಟನ್ನಿನ ಮೇಲೆ ನಂಬರ್ ಹಾಕಿ, ಸುಮಾರು 2 ಥೌ ಸಂದು ಬಿಟ್ಟು ಬೋರ್ ಮತ್ತು ಹೋನಿಂಗ್ (ಕಲ್ಲಿನಿಂದ ಉಜ್ಜಿ ಅಳತೆಗೆ ತರುವುದು) ಮಾಡಿದರು. ಅಲ್ಯೂಮಿನಿಯಂ ಪಿಸ್ಟನ್ ಬೀಡಿನ ಬ್ಲಾಕಿಗಿಂತ ಹೆಚ್ಚು ಹಿಗ್ಗುತ್ತದೆ. ಸಂದು ಕಡಿಮೆಯಾದರೆ ಬಿಸಿಗೆ ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ತಣ್ಣಗಿರುವಾಗ ಬಡಿಯುತ್ತದೆ. ರಿಂಗಿನ ಬಾಯಿ 9ರಿಂದ 12 ಥೌ ಒಳಗೆ ಬರುವವರೆಗೆ ಅರ ಹಾಕಿದರು.

ಪಿಸ್ಟನ್ನಿನ ಏರಿಳಿತವನ್ನು ತಿರುಗಾಟ ಮಾಡುವ ಕ್ರ್ಯಾಂಕಿನಲ್ಲಿ ಅವರ ಪ್ರಾಮಾಣಿಕತೆ ನೇರವಾಗಿ ರೂಪಾಯಿಯಲ್ಲೇ ಕಂಡಿತು. ಬಿಗ್ ಎಂಡ್ ಜರ್ನಲ್‌ಗಳು, ಅಂದರೆ ಕನೆಕ್ಟಿಂಗ್ ರಾಡ್ ಹಿಡಿಯುವ ಗುಂಡನೆಯ ಭಾಗಗಳು, ಸವೆದಿದ್ದವು, 20 ಥೌ ಅಂಡರ್‌ಸೈಜಿಗೆ ಗ್ರೈಂಡ್ ಆಯಿತು. ಬ್ಲಾಕಿನಲ್ಲಿ ಕೂರುವ ಮೇನ್ ಜರ್ನಲ್ ಅಳತೆ ಸರಿ ಇದ್ದದ್ದರಿಂದ ಪಾಲಿಶ್ ಸಾಕು ಎಂದು ಹೇಳಿ ಗ್ರೈಂಡಿಂಗ್ ಚಾರ್ಜನ್ನು ಬಿಲ್ಲಿನಿಂದಲೇ ತೆಗೆದರು. ಸುಮ್ಮನೆ ಗ್ರೈಂಡ್ ಮಾಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಕ್ರ್ಯಾಂಕಿನ ಆಯುಷ್ಯ ಮಾತ್ರ ಒಂದು ಸೈಜ್ ಕಡಿಮೆಯಾಗುತ್ತಿತ್ತು. ಜರ್ನಲ್ ಮೂಲೆಯ ಗುಂಡನೆಯ ತಿರುವನ್ನು ಹಾಗೇ ಉಳಿಸಿದರು. ಅಲ್ಲಿ ಗ್ರೈಂಡಿಂಗ್ ಕಲ್ಲು ಚೂಪಾಗಿ ತಿಂದರೆ ಕ್ರ್ಯಾಂಕ್ ಬಿರುಕು ಬಿಡುವುದು ಅಲ್ಲಿಂದಲೇ. ಗ್ರೈಂಡ್ ಆದ ಮೇಲೆ ಆಯಿಲ್ ದಾರಿಗಳಲ್ಲಿ ಬ್ರಷ್ ಹಾಕಿ, ಡೀಸೆಲ್‌ನಲ್ಲಿ ತೊಳೆದು, ಗಾಳಿ ಹೊಡೆದು ಕೊಟ್ಟರು. ಹೊಸ ಬೇರಿಂಗ್ ಬೇಗ ಹಾಳಾಗುವುದು ಹೆಚ್ಚಾಗಿ ಅಲ್ಲಿ ಉಳಿದ ಕಲ್ಲಿನ ಪುಡಿಯಿಂದ.

ಹೆಡ್ಡಿನಲ್ಲೂ ಅದೇ ನ್ಯಾಯ. 2000ನೇ ಇಸವಿಯಿಂದ ದೇಶದಲ್ಲೆಲ್ಲ ಸೀಸ ಬೆರೆಸದ ಪೆಟ್ರೋಲೇ. ವಾಲ್ವ್ ಕೂರುವ ಹಳೇ ಬೀಡಿನ ಸೀಟಿಗೆ ಸೀಸದ ರಕ್ಷಣೆ ಇಲ್ಲದ್ದರಿಂದ ಎಕ್ಸಾಸ್ಟ್ ವಾಲ್ವ್ ನಿಧಾನಕ್ಕೆ ಒಳಗೆ ಇಳಿದು ಟ್ಯಾಪೆಟ್ ಸಂದು (ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನದು) ಮುಚ್ಚುತ್ತಾ ಬರುತ್ತದೆ. ಎಂಟು ವಾಲ್ವಿಗೂ ಗಟ್ಟಿ ಸೀಟು ಹಾಕುತ್ತೇನೆ ಎಂದಿದ್ದರೆ ನಾವು ಹೂಂ ಅನ್ನುತ್ತಿದ್ದೆವು. ಬಿಸಿ ತಾಗುವ ನಾಲ್ಕು ಎಕ್ಸಾಸ್ಟಿಗೆ ಮಾತ್ರ ಹಾಕಿ, ಇನ್‌ಲೆಟ್ ನಾಲ್ಕಕ್ಕೆ ಸೀಟ್ ಕಟಿಂಗ್ ಮಾಡಿ ಮುಗಿಸಿದರು.

ಇನ್ನೊಂದು ಸಣ್ಣ ವಿಷಯ, ಆದರೆ ಹಳೇ ಗಾಡಿಯವರೆಲ್ಲ ತಿಳಿದಿರಬೇಕಾದ್ದು. ಈ ಎಂಜಿನ್ನಿನ ಬೋಲ್ಟುಗಳು ಹೆಚ್ಚಿನವು ಇಂಚಿನ ಲೆಕ್ಕದ ಯುಎನ್‌ಎಫ್ ತ್ರೆಡ್. 5/16 ಇಂಚಿನ ಬೋಲ್ಟ್ 7.94 ಮಿಲಿಮೀಟರ್, ಈಗಿನ ಎಂ8 ಬೋಲ್ಟ್ 8 ಮಿಲಿಮೀಟರ್. ಕಣ್ಣಿಗೆ ಎರಡೂ ಒಂದೇ. ಆದರೆ ಮೊದಲನೆಯದಕ್ಕೆ ಇಂಚಿಗೆ 24 ಸುತ್ತು, ಎರಡನೆಯದಕ್ಕೆ ಸುಮಾರು 20. ಬಲವಂತವಾಗಿ ತಿರುಗಿಸಿದರೆ ಎರಡು ಸುತ್ತು ಹೋಗಿ ತ್ರೆಡ್ ಕಿತ್ತು ಬರುತ್ತದೆ. ಹಾಗೆ ಕೆಟ್ಟಿದ್ದ ವಾಟರ್ ಪಂಪಿನ ತೂತುಗಳಿಗೆ ಯಜಮಾನರು ಮೆಟ್ಟಿಲಿನ ಸ್ಟಡ್ ತಿರುವಿ ಕೊಟ್ಟರು, ಬ್ಲಾಕಿಗೆ ಹೋಗುವ ತುದಿ ದಪ್ಪ, ಹೊರಗಿನ ತುದಿ ಮೂಲ ಅಳತೆ.

ಪೇಂಟರ್ ಅಣ್ಣ ಮೆಟೀರಿಯಲ್ ನಮ್ಮಿಂದಲೇ ತರಿಸಿದರು, ಕೂಲಿ ಬೇರೆ. ಬರೀ ಶೀಟಿನ ಮೇಲೆ ಅವತ್ತೇ ಎಪಾಕ್ಸಿ ಪ್ರೈಮರ್, ಪುಟ್ಟಿ ಎಲ್ಲೂ 2 ಮಿಲಿಮೀಟರ್ ಮೀರದಂತೆ, ಅದರ ಮೇಲೆ ಸರ್ಫೇಸರ್. ಆಮೇಲೆ ಕಪ್ಪು ಬಣ್ಣವನ್ನು ತೆಳ್ಳಗೆ ಚಿಮುಕಿಸಿ 400, 600, 800 ನಂಬರ್ ವಾಟರ್ ಪೇಪರ್‌ನಲ್ಲಿ ತಿಕ್ಕಿದರು. ಎಲ್ಲಿ ಕಪ್ಪು ಉಳಿಯುತ್ತದೋ ಅಲ್ಲಿ ತಗ್ಗು ಇದೆ ಎಂದು ಅರ್ಥ. ಮುಂಗಾರು ಹಿಡಿಯುವ ಮೊದಲೇ ಬಣ್ಣ ಮುಗಿಯಬೇಕು ಎಂದು ಅವರು ಹಟ ಹಿಡಿದದ್ದು ಸರಿಯಾಗಿತ್ತು. ತೇವದ ಗಾಳಿಯಲ್ಲಿ ಹೊಡೆದ ಬಣ್ಣದ ಹೊಳಪು ಮಂಕಾಗುತ್ತದೆ, ತಿಕ್ಕುವಾಗ ಒಳಗೆ ಸೇರಿದ ನೀರು ಆಮೇಲೆ ಗುಳ್ಳೆಯಾಗಿ ಏಳುತ್ತದೆ. ಉಳಿದ ಬಣ್ಣವನ್ನು ಡಬ್ಬದಲ್ಲಿ ಮುಚ್ಚಿ, ಮಿಕ್ಸಿಂಗ್ ನಂಬರ್ ಬರೆದು ವಾಪಸ್ ಕೊಟ್ಟರು.

ಎಲೆಕ್ಟ್ರಿಷಿಯನ್ ಹಳೇ ಬಣ್ಣದ ಲೆಕ್ಕ ಬಿಡದೆ ವೈರ್ ಎಳೆದಿದ್ದಾರೆ: ಬ್ಯಾಟರಿಯಿಂದ ಕಂದು, ಇಗ್ನಿಷನ್‌ಗೆ ಬಿಳಿ, ಫ್ಯೂಸ್ ದಾಟಿದ್ದಕ್ಕೆ ಹಸಿರು, ಅರ್ತಿಂಗ್‌ಗೆ ಕಪ್ಪು. ಮುಂದೆ ಯಾರು ಕೈ ಹಾಕಿದರೂ ಹುಡುಕಾಡಬೇಕಾಗಿಲ್ಲ. ಮೂಲದಲ್ಲಿ ಎರಡೇ ಫ್ಯೂಸ್, ಹೆಡ್‌ಲೈಟಿಗೆ ಫ್ಯೂಸೇ ಇರಲಿಲ್ಲ. ಅದಕ್ಕೆ ರಿಲೇ ಮತ್ತು ಫ್ಯೂಸ್ ಸೇರಿಸಿದರು. ಹೊಸ ಬಣ್ಣದ ಮೇಲೆ ಅರ್ತಿಂಗ್ ಸಿಗುವುದಿಲ್ಲ, ಪೇಂಟ್ ಆದ ಗಾಡಿಗಳ ದೀಪ ಮಂಕಾಗುವುದು ಇದರಿಂದಲೇ. ಪ್ರತಿ ಅರ್ತ್ ಬೋಲ್ಟಿನ ಕೆಳಗೆ ನಾಣ್ಯದಷ್ಟು ಜಾಗ ಕೆರೆದು, ಬಿಗಿದು, ಮೇಲೆ ಗ್ರೀಸ್ ಹಚ್ಚಿದ್ದಾರೆ.

ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿ 2014ರಲ್ಲೇ ನಿಂತಿದೆ. ಹಾಗಾಗಿ ಸಿಕ್ಕಿದ್ದನ್ನು ಸಿಕ್ಕಿದ ಬೆಲೆಗೆ ಮಾರುವ ಅವಕಾಶ ಬಿಡಿಭಾಗದ ಅಂಗಡಿಯವರಿಗಿತ್ತು. ಅವರು ಬ್ರೇಕಿನ ಹಳೇ ಸ್ಟಾಕ್ ರಬ್ಬರ್ ಕಿಟ್ ಇದ್ದರೂ ಕೊಡಲಿಲ್ಲ, "ಬೀರುವಿನಲ್ಲಿದ್ರೂ ರಬ್ಬರ್ ಗಟ್ಟಿಯಾಗಿರ್ತತಿ, ಬ್ಯಾಡ" ಎಂದು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೊಸದನ್ನು ತರಿಸಿಕೊಟ್ಟರು. ಎಥನಾಲ್ ಬೆರೆತ ಪೆಟ್ರೋಲಿಗೆ ತಡೆಯುವ ಹೋಸ್, ಪಂಪಿನ ಡಯಾಫ್ರಮ್ ಕೂಡ ಕೇಳದೆಯೇ ನೆನಪಿಸಿದರು. ಕುಶನ್ ಅಂಗಡಿಯವರು ಮುಂದಿನ ಬೆಂಚ್ ಸೀಟಿನ ಸ್ಪ್ರಿಂಗ್ ಬಿಸಾಡಿ ಬರೀ ಫೋಮ್ ತುಂಬಲಿಲ್ಲ. ಮುರಿದ ಸ್ಪ್ರಿಂಗ್ ಮಾತ್ರ ಬದಲಿಸಿ, ಗೋಣಿ, ತೆಂಗಿನ ನಾರು, ಅದರ ಮೇಲೆ ತೆಳ್ಳನೆ ಫೋಮ್ ಹಾಕಿದರು. ಕೂತರೆ ಅಂಬಾಸಿಡರ್ ಅಂಬಾಸಿಡರ್ ಥರಾನೇ ಇದೆ.

ಈ ಕಸುಬುದಾರರಲ್ಲಿಗೆ ಗಾಡಿ ಒಯ್ಯುವವರಲ್ಲಿ ಒಂದು ವಿನಂತಿ. ಮೆಟೀರಿಯಲ್‌ನಷ್ಟು ಹಣ ಮುಂಗಡ ಕೊಡಿ, ಹೆಲ್ಪರ್ ಹುಡುಗರ ಬಟವಾಡೆ ಶನಿವಾರಕ್ಕೆ ನಿಲ್ಲದಂತೆ ನೋಡಿಕೊಳ್ಳಿ, ಹಬ್ಬಕ್ಕೆ ಬೇಕೇ ಬೇಕು ಎಂದು ಅವಸರ ಮಾಡಬೇಡಿ. ಮೊದಲ 500 ಕಿಲೋಮೀಟರ್ ಆದ ಮೇಲೆ ಆಯಿಲ್ ಬದಲಿಸಿ, ಹೆಡ್ ಬಿಗಿ ನೋಡಿ, ಟ್ಯಾಪೆಟ್ ಸಂದು ಸರಿಯಾಗಿ (ಈ ಎಂಜಿನ್ನಿಗೆ 15 ಥೌ) ಇಡಿಸಲು ಅದೇ ಲೇತಿನ ಯಜಮಾನರ ಹತ್ತಿರ ಹೋಗಿ. ಅದಕ್ಕವರು ಬೇರೆ ಚಾರ್ಜ್ ಹಾಕುವುದಿಲ್ಲ.

ಸಿಲಿಂಡರ್ ಚಾರ್ಟ್, ಸಿಲ್‌ನ ಫೋಟೋಗಳು, ಪ್ರತಿ ಬಿಲ್ಲಿನ ಜೆರಾಕ್ಸ್ ಸೇರಿಸಿ ಒಂದು ಫೈಲ್ ಮಾಡಿ ಟಿಂಕರ್ ಮೇಸ್ತ್ರಿಗಳ ಶೆಡ್ಡಿನಲ್ಲಿ ಇಟ್ಟಿದ್ದೇವೆ. ಹಳೇ ಗಾಡಿ ಕೆಲಸಕ್ಕೆ ಬಿಡುವ ಯೋಚನೆ ಇರುವವರು ಕೇಳಿ ನೋಡಬಹುದು. ಅದರಲ್ಲಿರುವುದು ಈ ಒಂದು ಗಾಡಿಯ ತುಕ್ಕಿನ ಲೆಕ್ಕ. ನಿಮ್ಮ ಗಾಡಿಯದ್ದನ್ನು ಅವರು ಬಿಚ್ಚಿ ನೋಡಿ ಬರೆದುಕೊಡುತ್ತಾರೆ.