ದೋಟಿ ಪ್ರಾಜೆಕ್ಟಿನ ಬಗ್ಗೆ ಪುಟ್ಟಿಗೆ

ಪ್ರೀತಿಯ ಪುಟ್ಟಿ,

ನಿನ್ನ ಉದ್ದದ ವಾಯ್ಸ್ ಮೆಸೇಜ್ ಕೇಳಿದೆ. ನಾಲ್ಕು ಜನರ ಟೀಮು, ಅಡಿಕೆ ಕೊಯ್ಯುವ ಉದ್ದ ಕೋಲು, ಅಂದ್ರೆ ದೋಟಿಯ ತುದಿಗೆ ಸಿಕ್ಕಿಸುವ ಸಾಧನ, ಅದು ಗೊನೆ ಕಡಿದು ಹಾಗೇ ಹಿಡ್ಕೊಳ್ಬೇಕು, ಕೆಳಗೆ ಬಿದ್ದು ಚೆಲ್ಲಾಪಿಲ್ಲಿ ಆಗ್ಬಾರ್ದು. ಒಳ್ಳೆ ಕೆಲಸ ಹಿಡಿದಿದ್ದೀರಿ, ಹೆಕ್ಕುವವರ ಸೊಂಟ ಉಳೀತದೆ. ಆದ್ರೆ ಜಗಳ ಮಾತ್ರ ಯಾರು ಜಾಸ್ತಿ ಮಾಡಿದ್ದು ಯಾರು ಕಮ್ಮಿ ಮಾಡಿದ್ದು ಅಂತ, ತೂಕದ ಸುದ್ದಿ ಒಬ್ರೂ ಎತ್ತಿದ ಹಾಗೆ ಕಾಣುದಿಲ್ಲ.

ಲೆಕ್ಕ ಹಾಕಿ ನೋಡು. 50 ಅಡಿ ದೋಟಿ ನೆಟ್ಟಗೆ ನಿಂತಾಗ ತೊಂದರೆ ಇಲ್ಲ, ಒಂದು 10 ಡಿಗ್ರಿ ವಾಲಿತು ಅಂತಿಟ್ಕೋ, ತುದಿ ಹತ್ರ ಹತ್ರ 9 ಅಡಿ ಆಚೆ ಹೋಗಿರ್ತದೆ, ಹಿಡಿದವರ ಎರಡು ಕೈ ಮಧ್ಯೆ ಇರುವುದು 2 ಅಡಿ. ಅಂದ್ರೆ ಮೇಲೆ ನೀವು ಸೇರಿಸಿದ 100 ಗ್ರಾಮು ಅವರ ಕೈಗೆ 400 ಗ್ರಾಮಿಗಿಂತ ಜಾಸ್ತಿ ಎಳೀತದೆ. ಈಗ ಬ್ಲೇಡಿನವಳು, ಹಗ್ಗ-ರಾಟೆಯವನು, ಸಾಧನವನ್ನು ದೋಟಿಗೆ ಕೂರಿಸುವ ಕಾಲರಿನವನು, ಹಿಡಿಕೆ ಮಾಡುವ ನೀನು, ಒಬ್ಬೊಬ್ರೂ ಗಟ್ಟಿ ಇರ್ಲಿ ಅಂತ 50 ಗ್ರಾಮು ಜಾಸ್ತಿ ಇಟ್ರೆ ಯಾರ ತಪ್ಪೂ ಅಲ್ಲ, ಆದ್ರೆ ಸಾಧನ ಯಾರ ಕೈಗೂ ಆಗುದಿಲ್ಲ. ಹಾಗಾಗಿ ಒಟ್ಟು ತೂಕ ಎಷ್ಟು ಅಂತ ಮೊದ್ಲು ನಾಲ್ಕೂ ಜನ ಕೂತು ಗಟ್ಟಿ ಮಾಡಿ, ಪಾಲು ಹಂಚಿ, ಒಬ್ಬನಿಗೆ ಜಾಸ್ತಿ ಬೇಕಾದ್ರೆ ಇನ್ನೊಬ್ಬನ ಪಾಲಿನಿಂದ ಕೇಳಿ ತಗೊಳ್ಲಿ. ಹಾಗೆ ಕೇಳ್ಲಿಕ್ಕೆ ಶುರು ಮಾಡಿದ ದಿನ ನೀವು ಟೀಮ್ ಆಗ್ತೀರಿ ಮಗಳೇ.

ಮತ್ತೆ, ಕೆಲಸ ಕೆಡುವುದು ಒಬ್ಬೊಬ್ಬರ ಪಾರ್ಟಿನಲ್ಲಿ ಅಲ್ಲ, ಎರಡು ಪಾರ್ಟು ಸೇರುವ ಜಾಗದಲ್ಲಿ. ಅವನ ಡ್ರಾಯಿಂಗಿನಲ್ಲಿ ತೂತು 6 ಎಂಎಂ, ನಿಂದ್ರಲ್ಲಿ ಬೋಲ್ಟು 5, ಇಬ್ರೂ ಸರಿಯೇ. ದೊಡ್ಡ ದೊಡ್ಡವರಿಗೂ ಆಗಿದೆ ಇದು. ಏರ್‌ಬಸ್ ಎ380 ವಿಮಾನ ಕಟ್ಟುವಾಗ ಜರ್ಮನಿಯ ಹ್ಯಾಂಬರ್ಗಿನವರು ಕೇಟಿಯಾ ಅನ್ನುವ ಡಿಸೈನ್ ಸಾಫ್ಟ್‌ವೇರಿನ ನಾಲ್ಕನೇ ವರ್ಶನ್ನಿನಲ್ಲಿ, ಫ್ರಾನ್ಸಿನ ಟುಲೂಸಿನವರು ಐದನೇದರಲ್ಲಿ ಡಿಸೈನ್ ಮಾಡ್ತಿದ್ರು, ಹ್ಯಾಂಬರ್ಗಿನಿಂದ ಬಂದ ವಯರು ಟುಲೂಸಿನಲ್ಲಿ ಜೋಡಿಸ್ಲಿಕ್ಕೆ ಹೋದ್ರೆ ಉದ್ದ ಸಾಕಾಗ್ಲಿಲ್ಲ, 2006ರಲ್ಲಿ ವಿಮಾನ ಕೊಡ್ಲಿಕ್ಕೆ ತಡ ಆಗ್ತದೆ ಅಂತ ಜಗತ್ತಿಗೇ ಹೇಳ್ಬೇಕಾಯ್ತು. ನಿಮ್ಮ ಫೈಲೆಲ್ಲ ಒಂದೇ ಡ್ರೈವಿನಲ್ಲಿ ಇರ್ಲಿ, ಹೆಸರಿನ ಜೊತೆ ತಾರೀಕು ಬರೀರಿ, ಅಳತೆ ಬದಲಾದ್ರೆ ಆ ಜೋಡಣೆಯ ಆಚೆ ಬದಿಯವರಿಗೆ ಅವತ್ತೇ ಫೋನ್ ಮಾಡಿ ಹೇಳಿ. ವಾಟ್ಸಪ್ಪಿನಲ್ಲಿ ಹಾಕಿದ್ದೆ, ನೀನು ನೋಡ್ಲಿಲ್ಲ ಅನ್ನುವ ಮಾತು ಬೇಡ.

ಆ ಕಾಲರಿನ ಹುಡುಗ ಮೀಟಿಂಗಿನಲ್ಲಿ ಬಾಯೇ ಬಿಡುದಿಲ್ಲ ಅಂದಿ. ನೀವು ಮೂರು ಜನ ಕನ್ನಡ, ತುಳು ಅಂತ ಭರಭರ ಮಾತಾಡ್ತಾ ಇರುವಾಗ ಅವನು ಎಲ್ಲಿ ಬಾಯಿ ಹಾಕುದು? ನಿಂಗೆ ಮಲಯಾಳ ಚೆಂದ ಬರ್ತದಲ್ಲ, ಅವನ ಹತ್ರ ಕೂತು ಮಲಯಾಳದಲ್ಲೇ ಕೇಳು. ದೋಟಿಗೆ ಸಾಧನ ಕೂರುವುದೇ ಅವನ ಪಾರ್ಟಿನ ಮೇಲೆ, ಅವನಿಗೆ ಗೊತ್ತಿರುವ ಕಷ್ಟ ನಿಮಗೆ ಗೊತ್ತಿರ್ಲಿಕ್ಕಿಲ್ಲ. ಸರ್ ಹತ್ರ ದೂರು ಕೊಡುವುದು ಆಮೇಲೆ.

ಈಗ ತೋಟದಲ್ಲಿ ಕೊಯ್ಲು ನಡೀತಾ ಉಂಟು. ಆದಿತ್ಯವಾರ ನಾಲ್ಕೂ ಜನ ಬನ್ನಿ, ನೀನೊಬ್ಳೇ ಬಂದು ಅವರಿಗೆ ವರದಿ ಒಪ್ಪಿಸುವುದು ಬೇಡ, ಎಲ್ರೂ ದೋಟಿ ಹಿಡೀಬೇಕು. ಕೊಯ್ಯುವ ಅಣ್ಣನ ಹತ್ರ ಹೇಳಿಟ್ಟಿದ್ದೇನೆ, ಮಧ್ಯಾಹ್ನದ ಮೇಲೆ ಅವರು ಬೇರೆ ಕಡೆ ಹೋಗ್ತಾರೆ, ಹಾಗಾಗಿ 8 ಗಂಟೆಗೆ ಬದಿಯಡ್ಕದಲ್ಲಿ ಬಸ್ಸಿಳಿದು ಫೋನ್ ಮಾಡಿ, ಜೀಪು ತರ್ತೇನೆ. ಅರ್ಧಂಬರ್ಧ ಆದ್ರೂ ಅಡ್ಡಿಲ್ಲ, ಮಾಡಿದಷ್ಟು ಪಾರ್ಟು ತನ್ನಿ. ಅಮ್ಮನ ಅಡಿಗೆಮನೆಯ ತಕ್ಕಡಿಯನ್ನೂ ಕೇಳಿ ತಾ.

ನಿನ್ನ ಮಾವ